ಹಿಡಿದ ಬ್ರೇಕ್ ಬಿಡ್ತಾ ಇದೆಯಾ? ಮನೆಯಲ್ಲೇ ಕ್ಯಾಲಿಪರ್ ಕ್ಲೀನ್ ಮಾಡೋದು ಹೇಗೆ

ಸಂಚಿಕೆ ಶುರು ಮಾಡೋಕೆ ಮುಂಚೆ ನಿಮಗೊಂದು ಚಿಕ್ಕ ಕೆಲಸ ಕೊಡ್ತೀನಿ. ಬೈಕಿಗೆ ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದಿನ ಸೀಟಿನ ಮೇಲೆ ಯಾರಾದ್ರೂ ಭಾರ ಹಾಕ್ಲಿ, ಮುಂದಿನ ಚಕ್ರ ನೆಲ ಬಿಡುತ್ತೆ. ಬ್ರೇಕ್ ಒಮ್ಮೆ ಗಟ್ಟಿಯಾಗಿ ಹಿಡಿದು ಬಿಡಿ. ಈಗ ಚಕ್ರವನ್ನ ಕೈಯಲ್ಲಿ ತಿರುಗಿಸಿ. ಸಣ್ಣಗೆ ಸರ್ ಅಂತ ಸದ್ದು ಬಂದು ಎರಡು ಮೂರು ಸುತ್ತು ತಿರುಗಿದ್ರೆ ಚಿಂತೆ ಇಲ್ಲ. ಅರ್ಧ ಸುತ್ತಿಗೇ ಗಕ್ಕನೆ ನಿಂತ್ರೆ ನಿಮ್ಮ ಕ್ಯಾಲಿಪರ್ ಹಿಡಿದದ್ದನ್ನ ಬಿಡ್ತಾ ಇಲ್ಲ ಅಂತ ಅರ್ಥ.

ಬ್ರೇಕ್ ಅಂದ ಕೂಡಲೇ ನಾವು ಯೋಚಿಸೋದು ಹಿಡಿಯೋದರ ಬಗ್ಗೆ ಮಾತ್ರ. ಬಿಡೋದೂ ಅಷ್ಟೇ ಮುಖ್ಯ. ಇವತ್ತಿನ ವಿಷಯ ಅದೇ.

ಒಳಗೆ ಏನು ನಡೆಯುತ್ತೆ?

ನಾನು ಓದಿದ್ದು ಬಿ.ಕಾಂ, ಹಾಗಾಗಿ ನನಗೆ ಅರ್ಥ ಆದ ಭಾಷೆಯಲ್ಲೇ ಹೇಳ್ತೀನಿ. ನೀವು ಲಿವರ್ ಒತ್ತಿದಾಗ ಬ್ರೇಕ್ ಆಯಿಲ್ ಪೈಪಿನೊಳಗೆ ಒತ್ತಡ ಹುಟ್ಟಿಸುತ್ತೆ. ಆ ಒತ್ತಡ ಕ್ಯಾಲಿಪರ್‌ನಲ್ಲಿರೋ ಪಿಸ್ಟನ್‌ನ ಮುಂದೆ ತಳ್ಳುತ್ತೆ. ಪಿಸ್ಟನ್ ಪ್ಯಾಡನ್ನ ತಳ್ಳುತ್ತೆ, ಪ್ಯಾಡ್ ಡಿಸ್ಕನ್ನ ಹಿಡಿಯುತ್ತೆ. ಸರಿ, ಲಿವರ್ ಬಿಟ್ಟಾಗ ಪಿಸ್ಟನ್‌ನ ಹಿಂದಕ್ಕೆ ಎಳೆಯೋದು ಯಾರು? ಅಲ್ಲಿ ಸ್ಪ್ರಿಂಗ್ ಇಲ್ಲ. ಇರೋದು ಪಿಸ್ಟನ್ ಸುತ್ತ ಕೂತಿರೋ ಒಂದು ರಬ್ಬರ್ ಸೀಲ್. ಪಿಸ್ಟನ್ ಮುಂದೆ ಹೋದಾಗ ಸೀಲ್ ಅದರ ಜೊತೆ ಸ್ವಲ್ಪ ತಿರುಚಿಕೊಳ್ಳುತ್ತೆ. ಒತ್ತಡ ಹೋದಾಗ ಮತ್ತೆ ನೆಟ್ಟಗಾಗಿ, ಪಿಸ್ಟನ್‌ನ ಕೂದಲೆಳೆಯಷ್ಟು ಹಿಂದಕ್ಕೆ ಎಳೆಯುತ್ತೆ. ಅಷ್ಟೇ. ನಿಮ್ಮ ಬ್ರೇಕ್ ಬಿಡೋದು ಆ ರಬ್ಬರಿನ ಶಕ್ತಿಯಿಂದ.

ಪ್ಯಾಡ್ ಸವೆದ ಹಾಗೆ ಪಿಸ್ಟನ್ ಹೆಚ್ಚು ಹೆಚ್ಚು ಹೊರಗೆ ಬರುತ್ತೆ. ಹೊರಗೆ ಬಂದ ಭಾಗದ ಮೇಲೆ ಪ್ಯಾಡಿನ ಕರಿಪುಡಿ, ಧೂಳು, ಮಳೆಗಾಲದ ಕೆಸರು ಕೂತು ಒಣಗಿ ಗಟ್ಟಿಯಾಗುತ್ತೆ. ನಮ್ಮ ಕೆಂಪು ಮಣ್ಣಿನ ರಸ್ತೆಗಳಲ್ಲಿ ಓಡಾಡೋರಿಗೆ ಇದು ಬಿಡಿಸಿ ಹೇಳ್ಬೇಕಾಗಿಲ್ಲ. ಆ ಪದರದ ಜೊತೆ ಪಿಸ್ಟನ್‌ನ ಹಿಂದಕ್ಕೆಳೆಯೋ ತಾಕತ್ತು ಸೀಲಿಗೆ ಇರಲ್ಲ.

ಇನ್ನೊಂದು ಜಾಗವೂ ಇದೆ. ನಮ್ಮಲ್ಲಿನ ಹೆಚ್ಚಿನ 150–200 ಸಿಸಿ ಬೈಕ್‌ಗಳಲ್ಲಿ ಪಿಸ್ಟನ್ ಇರೋದು ಡಿಸ್ಕಿನ ಒಂದೇ ಪಕ್ಕದಲ್ಲಿ. ಇನ್ನೊಂದು ಪಕ್ಕದ ಪ್ಯಾಡ್ ಹಿಡಿಯಬೇಕು ಅಂದ್ರೆ ಇಡೀ ಕ್ಯಾಲಿಪರ್ ಎರಡು ಪಿನ್‌ಗಳ ಮೇಲೆ ಜಾರ್ಬೇಕು. ಪಿನ್‌ನ ಗ್ರೀಸ್ ಒಣಗಿದ್ರೆ ಜಾರಲ್ಲ. ಒಂದು ಪ್ಯಾಡ್ ಪೂರ್ತಿ ಸವೆದು ಇನ್ನೊಂದು ಹೊಸದರ ಹಾಗೇ ಇದ್ರೆ ಮೊದಲ ಅನುಮಾನ ಈ ಪಿನ್‌ಗಳ ಮೇಲಿರಲಿ.

ಬಿಡದಿದ್ರೆ ಏನಾಗುತ್ತೆ?

ಮೈಲೇಜ್ ಕಮ್ಮಿ ಆಗೋದು, ಪ್ಯಾಡ್ ಬೇಗ ಮುಗಿಯೋದು ಸಣ್ಣ ನಷ್ಟ. ದೊಡ್ಡದು ಬಿಸಿ. ಡಾಟ್ 4 ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅನ್ನೋದು ಮಾನದಂಡ. ಆದ್ರೆ ಈ ಆಯಿಲ್ ಗಾಳಿಯಲ್ಲಿರೋ ತೇವ ಹೀರಿಕೊಳ್ಳುತ್ತೆ. ನೀರು ಸೇರಿದ ಆಯಿಲಿಗೆ ಆ ಮಿತಿ 155 ಡಿಗ್ರಿ ಮಾತ್ರ. ಈಗ ಯೋಚಿಸಿ: ಹಳೇ ಆಯಿಲ್, ಬಿಡದ ಕ್ಯಾಲಿಪರ್, ಹಿಂದೆ ಅಮ್ಮನೋ ಫ್ರೆಂಡೋ ಕೂತಿದ್ದಾರೆ, ಚಾರ್ಮಾಡಿ ಘಾಟಿ ಇಳೀತಾ ಇದ್ದೀರಿ. ಆಯಿಲ್ ಕುದಿದು ಗುಳ್ಳೆ ಎದ್ರೆ ಲಿವರ್ ಹ್ಯಾಂಡಲ್‌ವರೆಗೂ ಮೆತ್ತಗೆ ಬರುತ್ತೆ, ಬೈಕ್ ನಿಲ್ಲಲ್ಲ.

"ನಂದು ಎಬಿಎಸ್ ಬೈಕ್ ಗುರು" ಅಂತೀರಾ? 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಹೊಸ ಬೈಕ್‌ಗಳಿಗೆಲ್ಲ ಎಬಿಎಸ್ ಕಡ್ಡಾಯ, ನಿಜ. ಆದ್ರೆ ಎಬಿಎಸ್ ಕೆಲಸ ಚಕ್ರ ಲಾಕ್ ಆಗದ ಹಾಗೆ ನೋಡ್ಕೊಳ್ಳೋದು. ಕೊಳೆಯಿಂದ ಸಿಕ್ಕಿಕೊಂಡ ಪಿಸ್ಟನ್‌ನ ಅದು ಬಿಡಿಸಲ್ಲ.

ಏನೇನು ಬೇಕು?

ಸ್ಪ್ಯಾನರ್ ಅಥವಾ ಅಲೆನ್ ಕೀ, ಹಳೇ ಟೂತ್‌ಬ್ರಷ್, ಪಾತ್ರೆ ತೊಳೆಯೋ ಲಿಕ್ವಿಡ್, ಬಿಸಿನೀರು, ಬ್ರೇಕ್ ಕ್ಲೀನರ್ ಸ್ಪ್ರೇ, ಒಣ ಬಟ್ಟೆ, ಒಂದು ಮರದ ತುಂಡು, ಸಿಲಿಕೋನ್ ಬ್ರೇಕ್ ಗ್ರೀಸ್. ಪೆಟ್ರೋಲ್, ಡೀಸೆಲ್, ಮಾಮೂಲಿ ಗ್ರೀಸ್ ಹತ್ತಿರವೂ ತರಬೇಡಿ. ಅವು ತಾಗಿದ್ರೆ ಬ್ರೇಕಿನ ರಬ್ಬರ್ ಊದಿಕೊಳ್ಳುತ್ತೆ. ಮಾಸ್ಕ್ ಹಾಕ್ಕೊಳ್ಳಿ, ಪ್ಯಾಡಿನ ಪುಡಿಯನ್ನ ಬಾಯಿಂದ ಊದಬೇಡಿ.

ಕೆಲಸ ಶುರು

ಬೈಕ್ ತಣ್ಣಗಿರಲಿ. ಬಿಚ್ಚೋಕೆ ಮುಂಚೆ ಎಲ್ಲಾ ಕಡೆಯಿಂದ ಮೊಬೈಲ್‌ನಲ್ಲಿ ಫೋಟೋ ತೆಗೀರಿ. ಕ್ಯಾಲಿಪರ್ ಇನ್ನೂ ಬೈಕಲ್ಲಿ ಗಟ್ಟಿಯಾಗಿ ಕೂತಿರುವಾಗಲೇ ಪ್ಯಾಡ್ ಪಿನ್ ಸ್ವಲ್ಪ ಲೂಸ್ ಮಾಡ್ಕೊಳ್ಳಿ, ಆಮೇಲೆ ಅದಕ್ಕೆ ಹಿಡಿತ ಸಿಗಲ್ಲ. ನಂತರ ಫೋರ್ಕಿಗೆ ಕೂಡಿಸಿರೋ ಎರಡು ಬೋಲ್ಟ್ ಬಿಚ್ಚಿ. ಕ್ಯಾಲಿಪರ್ ಕೈಗೆ ಬರುತ್ತೆ. ಅದನ್ನ ಬ್ರೇಕ್ ಪೈಪಲ್ಲಿ ನೇತಾಡೋಕೆ ಬಿಡಬೇಡಿ, ದಾರದಲ್ಲಿ ಫೋರ್ಕಿಗೆ ಕಟ್ಟಿ.

ಪ್ಯಾಡ್ ತೆಗೆದು ನೋಡಿ. ಪ್ಯಾಡಿನ ಮೇಲೆ ಸವೆತದ ಗೆರೆ ಇರುತ್ತೆ. ಅದು ಮಾಯ ಆಗಿದ್ರೆ ಹೊಸ ಪ್ಯಾಡ್ ತನ್ನಿ, ಎರಡೂ ಒಟ್ಟಿಗೆ.

ಈಗ ಮುಖ್ಯವಾದ ಹೆಜ್ಜೆ. ಪಿಸ್ಟನ್‌ನ ಕೊಳೆಯ ಸಮೇತ ಒಳಗೆ ತಳ್ಳಬೇಡಿ. ಹೊಸ ಪ್ಯಾಡ್ ಹಾಕೋ ಅವಸರದಲ್ಲಿ ಎಷ್ಟೋ ಕಡೆ ಆಗೋದು ಇದೇ. ಆ ಕೊಳೆ ನೇರ ಸೀಲಿಗೆ ಹೋಗಿ ಉಜ್ಜುತ್ತೆ. ಬದಲಿಗೆ ಕ್ಯಾಲಿಪರ್ ನಡುವೆ ಮರದ ತುಂಡು ಇಟ್ಟು, ಲಿವರ್ ಒಂದೆರಡು ಸಲ ಮೆಲ್ಲಗೆ ಒತ್ತಿ. ಪಿಸ್ಟನ್ ನಾಲ್ಕೈದು ಮಿಲಿಮೀಟರ್ ಹೊರಗೆ ಬಂದ್ರೆ ಸಾಕು. ಮರದ ತುಂಡು ಇಲ್ಲದೆ ಲಿವರ್ ಮುಟ್ಟಬೇಡಿ, ಪಿಸ್ಟನ್ ಪೂರ್ತಿ ಹೊರಬಿದ್ದು ಆಯಿಲೆಲ್ಲ ಚೆಲ್ಲುತ್ತೆ.

ಸೋಪು ನೀರು, ಬ್ರಷ್ ಹಿಡಿದು ಪಿಸ್ಟನ್‌ನ ಸುತ್ತಲೂ, ಹಿಂಬದಿಗೂ ಉಜ್ಜಿ. ಮರಳು ಕಾಗದ, ಸ್ಕ್ರೂಡ್ರೈವರ್ ಬೇಡವೇ ಬೇಡ, ಗೀರು ಬಿದ್ರೆ ಅಲ್ಲಿಂದಲೇ ಸೋರುತ್ತೆ. ಹೊಳಪು ಬಂದ ಮೇಲೆ ತೊಳೆದು ಒರೆಸಿ, ಹೊಸ ಬ್ರೇಕ್ ಆಯಿಲ್ ಒಂದು ತೊಟ್ಟು ಸವರಿ, ಬೆರಳಿನಿಂದ ನಿಧಾನಕ್ಕೆ ಒಳಗೆ ಒತ್ತಿ. ಆಗ ಹ್ಯಾಂಡಲ್ ಮೇಲಿನ ಡಬ್ಬಿಯಲ್ಲಿ ಆಯಿಲ್ ಮೇಲೇರುತ್ತೆ. ಕಣ್ಣಿಟ್ಟಿರಿ. ಪೇಂಟ್ ಮೇಲೆ ಚೆಲ್ಲಿದ್ರೆ ತಕ್ಷಣ ನೀರು ಹಾಕಿ ತೊಳೀರಿ, ಇಲ್ಲಾಂದ್ರೆ ಪೇಂಟ್ ಎದ್ದು ಬರುತ್ತೆ.

ಇನ್ನು ಜಾರೋ ಪಿನ್‌ಗಳು. ಎಳೆದು ತೆಗೆದು, ಹಳೇ ಗ್ರೀಸ್ ಪೂರ್ತಿ ಒರೆಸಿ, ಸಿಲಿಕೋನ್ ಗ್ರೀಸ್ ತೆಳ್ಳಗೆ ಹಚ್ಚಿ. ರಬ್ಬರ್ ಬೂಟ್ ಹರಿದಿದ್ರೆ ಬದಲಾಯಿಸಿ. ಬೆರಳಲ್ಲಿ ತಳ್ಳಿದ್ರೆ ಸಲೀಸಾಗಿ ಜಾರಬೇಕು.

ಡಿಸ್ಕಿಗೆ ಬ್ರೇಕ್ ಕ್ಲೀನರ್ ಹೊಡೆದು ಒರೆಸಿ. ಡಿಸ್ಕಿನ ಮೇಲೇ ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಕೊರೆದಿರುತ್ತಾರೆ, ಅದನ್ನೂ ಒಮ್ಮೆ ಓದಿ.

ಜೋಡಿಸಿದ ಮೇಲೆ

ಬೋಲ್ಟ್ ಎಷ್ಟು ಬಿಗಿ ಇರಬೇಕು ಅನ್ನೋದು ಬೈಕಿಂದ ಬೈಕಿಗೆ ಬೇರೆ. ಸರ್ವಿಸ್ ಮ್ಯಾನುಯಲ್‌ನಲ್ಲಿ ಅಳತೆ ಇರುತ್ತೆ, ಟಾರ್ಕ್ ರೆಂಚ್‌ನಲ್ಲೇ ಟೈಟ್ ಮಾಡಿ. ನಿಮ್ಮ ಹತ್ರ ಇಲ್ದಿದ್ರೆ ಇರೋ ಮೆಕ್ಯಾನಿಕ್ ಅಣ್ಣನ ಹತ್ರ ಎರವಲು ತನ್ನಿ. ಇದು ಅಂದಾಜಿನ ಕೆಲಸ ಅಲ್ಲ.

ಬೈಕ್ ಒಂದು ಅಡಿ ಮುಂದೆ ಹೋಗೋಕೆ ಮುಂಚೆ ಲಿವರ್ ಪಂಪ್ ಮಾಡಿ. ಪಿಸ್ಟನ್ ಒಳಗಿದೆ, ಹಾಗಾಗಿ ಮೊದಲ ಕೆಲವು ಸಲ ಲಿವರ್ ಪೂರ್ತಿ ಒಳಗೆ ಬರುತ್ತೆ, ಬ್ರೇಕ್ ಹಿಡಿಯೋದೇ ಇಲ್ಲ. ಗಟ್ಟಿ ಆಗೋವರೆಗೂ ಒತ್ತುತ್ತಾ ಇರಿ. ಡಬ್ಬಿಯ ಆಯಿಲ್ ಮಟ್ಟ ನೋಡಿ. ಶುರುವಲ್ಲಿ ಮಾಡಿದ ಚಕ್ರದ ಪರೀಕ್ಷೆ ಮತ್ತೆ ಮಾಡಿ. ಆಮೇಲೆ ಖಾಲಿ ರಸ್ತೆಯಲ್ಲಿ ನಡಿಗೆಯ ವೇಗದಲ್ಲಿ ಹಿಡಿದು ನೋಡಿ. ಪ್ಯಾಡ್ ಹೊಸದಾದ್ರೆ ಮೊದಲ ಕೆಲವು ದಿನ ಮುಂದಿನ ಗಾಡಿಯಿಂದ ಜಾಸ್ತಿ ದೂರ ಇರಿ.

ಎಲ್ಲಿ ನಿಲ್ಲಿಸಬೇಕು?

ಪಿಸ್ಟನ್ ಪಕ್ಕ ಆಯಿಲ್ ಒಸರಿದ್ರೆ, ಪಿಸ್ಟನ್ ಮೇಲೆ ತುಕ್ಕಿನ ಗುಳಿ ಕಂಡ್ರೆ, ಎಷ್ಟು ಒತ್ತಿದ್ರೂ ಪಿಸ್ಟನ್ ಅಲ್ಲಾಡದಿದ್ರೆ, ಪಂಪ್ ಮಾಡಿದ ಮೇಲೂ ಲಿವರ್ ಮೆತ್ತಗೇ ಇದ್ರೆ ಅಲ್ಲಿಗೇ ನಿಲ್ಲಿಸಿ. ಬೈಕ್ ಓಡಿಸ್ಕೊಂಡು ಹೋಗಬೇಡಿ. ಮೆಕ್ಯಾನಿಕ್‌ನ ಮನೆಗೆ ಕರೆಸಿ, ಇಲ್ಲಾ ಗಾಡಿಯಲ್ಲಿ ಹಾಕಿ ಕಳಿಸಿ. ಸೀಲ್ ಬದಲಾಯಿಸೋದು ಗ್ಯಾರೇಜಿನ ಕೆಲಸ.

ಕೊನೇದಾಗಿ ವಾಟರ್ ಸರ್ವಿಸ್‌ಗೆ ಬಿಡೋರಿಗೆ ಒಂದು ಮಾತು. ತೊಳೆದ ಮೇಲೆ ಹೊಳಪಿಗೆ ಅಂತ ಡೀಸೆಲ್ ಅಥವಾ ಆಯಿಲ್ ಹೊಡೆಯೋ ಅಭ್ಯಾಸ ಕೆಲವು ಕಡೆ ಇದೆ. "ಅಣ್ಣ, ಚಕ್ರದ ಕಡೆ ಬೇಡ" ಅಂತ ಮೊದಲೇ ಹೇಳಿ. ಎಣ್ಣೆ ಕುಡಿದ ಪ್ಯಾಡನ್ನ ಎಷ್ಟು ತೊಳೆದ್ರೂ ನಂಬೋಕಾಗಲ್ಲ, ಬದಲಾಯಿಸಲೇಬೇಕು.

ಮಳೆಗಾಲ ಮುಗಿದ ಮೇಲೆ ಒಂದು ಸಲ, ಪ್ರತಿ ಪ್ಯಾಡ್ ಬದಲಾವಣೆಗೆ ಒಂದು ಸಲ ಇಷ್ಟು ಮಾಡ್ಕೊಳ್ಳಿ. ಒಂದು ಭಾನುವಾರ ಬೆಳಗ್ಗೆ ಸಾಕು. ಬ್ರೇಕ್ ಆಯಿಲ್ ಯಾವಾಗ, ಹೇಗೆ ಬದಲಾಯಿಸಬೇಕು ಅನ್ನೋದನ್ನ ಮುಂದಿನ ಸಂಚಿಕೆಯಲ್ಲಿ ಮಾತಾಡೋಣ. ಅಲ್ಲಿವರೆಗೆ ಹುಷಾರಾಗಿ ಓಡಿಸಿ.