ಕುಡಿದಾಗ ಅಂದ ‘ಹೂಂ’ ಒಪ್ಪಿಗೆಯಾ?

ಕಳೆದ ತಿಂಗಳು ಇಂದಿರಾನಗರದ 12ನೇ ಮೇನ್‌ನಲ್ಲಿ ನಮ್ಮ ಟೀಮ್ ಡಿನ್ನರ್ ಇತ್ತು. ಹತ್ತು ಗಂಟೆ ಹೊತ್ತಿಗೆ ಸಹೋದ್ಯೋಗಿಯೊಬ್ಬಳಿಗೆ ನೆಟ್ಟಗೆ ನಿಲ್ಲೋಕೂ ಆಗ್ತಿರಲಿಲ್ಲ. ‘ನಾನು ಡ್ರಾಪ್ ಮಾಡ್ತೀನಿ, ಅವಳೂ ಹೂಂ ಅಂದ್ಲು’ ಅಂತ ಒಬ್ಬ ಎದ್ದ. ನಮ್ಮ ಲೀಡ್ ಮೇಡಂ ಒಪ್ಪಲಿಲ್ಲ. ಇಬ್ಬರು ಹುಡುಗಿಯರ ಜೊತೆ ಅವಳನ್ನು ಕ್ಯಾಬ್ ಹತ್ತಿಸಿದರು.

ಕೆ.ಆರ್. ಪುರಕ್ಕೆ ಮೆಟ್ರೋದಲ್ಲಿ ಬರುವಾಗ ಗೆಳೆಯ ಗೊಣಗಿದ. ‘ಅಷ್ಟೊಂದು ಅನುಮಾನ ಯಾಕೆ ಮಗಾ? ಅವಳೇ ಕುಡಿದಿದ್ದು, ಅವಳೇ ಹೂಂ ಅಂದಿದ್ದು.’ ಬರೀ ಡ್ರಾಪ್ ವಿಷಯ ಅಲ್ಲ ಇದು ಅಂತ ಇಬ್ಬರಿಗೂ ಗೊತ್ತಿತ್ತು. ನನ್ನ ಹತ್ರ ಉತ್ತರ ಇರಲಿಲ್ಲ. ಮನೆಗೆ ಬಂದು ಕಾನೂನು ಓದಿದೆ.

2024ರ ಜುಲೈ 1ರಿಂದ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಅದರ 63ನೇ ಸೆಕ್ಷನ್ ಹೇಳುವುದು ಇಷ್ಟು: ಅಮಲಿನಿಂದಲೋ ಮಾನಸಿಕ ಅಸ್ವಸ್ಥತೆಯಿಂದಲೋ, ತಾನು ಯಾವುದಕ್ಕೆ ಒಪ್ಪುತ್ತಿದ್ದೇನೆ, ಅದರ ಪರಿಣಾಮ ಏನು ಎಂದು ಹೆಣ್ಣಿಗೆ ಅರ್ಥವಾಗದಿದ್ದರೆ, ಆಗ ಅವಳು ಕೊಟ್ಟ ಒಪ್ಪಿಗೆಗೆ ಬೆಲೆಯಿಲ್ಲ. ಅದು ಅತ್ಯಾಚಾರ. ಅವನೇ ಕುಡಿಸಿರಬೇಕು ಅಂತೇನಿಲ್ಲ, ಅವಳೇ ಕುಡಿದಿದ್ದರೂ ಅಷ್ಟೇ. ಎಷ್ಟು ಪೆಗ್ ಎಂಬ ಲೆಕ್ಕ ಕಾನೂನಿನಲ್ಲಿಲ್ಲ. ಅರ್ಥವಾಗುತ್ತಿತ್ತಾ ಇಲ್ಲವಾ ಎಂಬುದೇ ಪ್ರಶ್ನೆ. ಪ್ರಜ್ಞೆ ತಪ್ಪಿ ಹೌದು-ಇಲ್ಲ ಹೇಳಲಾಗದ ಸ್ಥಿತಿಗೆ ಬೇರೆಯೇ ಅಂಶವಿದೆ.

ಅಮಲಿನ ಈ ಮಾತು ಕಾನೂನಿಗೆ ಬಂದಿದ್ದು 1983ರಲ್ಲಿ, ಮಥುರಾ ಪ್ರಕರಣದ ತೀರ್ಪಿನ ವಿರುದ್ಧ ದೇಶದ ಮಹಿಳೆಯರು ಬೀದಿಗಿಳಿದ ಮೇಲೆ. 2013ರ ತಿದ್ದುಪಡಿ ಒಪ್ಪಿಗೆಗೆ ಸ್ಪಷ್ಟ ಅರ್ಥ ಕೊಟ್ಟಿತು: ಮಾತಿನಲ್ಲೋ ಸನ್ನೆಯಲ್ಲೋ, ಆ ನಿರ್ದಿಷ್ಟ ಕ್ರಿಯೆಗೆ, ಸ್ವಇಚ್ಛೆಯಿಂದ, ಅನುಮಾನಕ್ಕೆ ಎಡೆಯಿಲ್ಲದಂತೆ ಒಪ್ಪಬೇಕು. ಕೈಯೆತ್ತಿ ತಡೆಯಲಿಲ್ಲ ಎಂದ ಮಾತ್ರಕ್ಕೆ ಒಪ್ಪಿದಳು ಎಂದಲ್ಲ. ನಮ್ಮ ಕೋಡಿಂಗ್ ಭಾಷೆಯಲ್ಲಿ ಹೇಳೋದಾದ್ರೆ, ‘ನಲ್’ ಅನ್ನೋದು ‘ಟ್ರೂ’ ಅಲ್ಲ.

ಆದ್ರೆ ಕಾನೂನು ಬದಲಾದಷ್ಟು ಬೇಗ ನಾವು ಬದಲಾಗಲ್ಲ. 2020ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟ್, ಅತ್ಯಾಚಾರ ಆರೋಪಿಗೆ ನಿರೀಕ್ಷಣಾ ಜಾಮೀನು ಕೊಡುವಾಗ, ಘಟನೆಯ ನಂತರ ದಣಿದು ನಿದ್ದೆ ಹೋದೆ ಎಂಬ ದೂರುದಾರಳ ಮಾತು ಭಾರತೀಯ ಹೆಣ್ಣಿಗೆ ತಕ್ಕದ್ದಲ್ಲ ಎಂದಿತ್ತು. ಅವನ ಜೊತೆ ಕುಡಿಯಲು ಯಾಕೆ ಆಕ್ಷೇಪಿಸಲಿಲ್ಲ ಎಂದೂ ಕೇಳಿತ್ತು. ವ್ಯಾಪಕ ಟೀಕೆ ಬಂದ ಮೇಲೆ, ಜುಲೈನಲ್ಲಿ ನಿದ್ದೆಯ ಕುರಿತ ಆ ಸಾಲನ್ನು ನ್ಯಾಯಾಲಯವೇ ಆದೇಶದಿಂದ ತೆಗೆದುಹಾಕಿತು. ಅವತ್ತು ಆ ಸುದ್ದಿಯನ್ನು ಕಾಲೇಜು ಗ್ರೂಪಿಗೆ ಹಾಕಿ ‘ಕರೆಕ್ಟಾಗೇ ಕೇಳಿದಾರೆ’ ಅಂತ ಬರೆದವನು ನಾನು. ಆ ಗ್ರೂಪಿನಲ್ಲಿ ಆರು ಹುಡುಗಿಯರಿದ್ದರು. ಒಬ್ಬರೂ ಉತ್ತರಿಸಲಿಲ್ಲ. ಆ ಮೌನವನ್ನೂ ನಾನು ಒಪ್ಪಿಗೆ ಅಂದ್ಕೊಂಡಿದ್ದೆ.

ಇದೆಲ್ಲ ಮೊನ್ನೆ ಗೆಳೆಯನಿಗೆ ಹೇಳಿದೆ. ‘ಕೋರ್ಟಲ್ಲಿ ಪ್ರೂವ್ ಮಾಡೋದು ಕಷ್ಟ ಅಲ್ವಾ?’ ಅಂದ. ಹೌದು, ಕಷ್ಟ. ಅದಕ್ಕೇ ಅವತ್ತು ಕ್ಯಾಬ್ ಹತ್ತಿಸಿದ್ದು ಸರಿ ಅಂದೆ.

ನೆನಪಿರಲಿ: ತುರ್ತಿಗೆ 112, ಮಹಿಳಾ ಸಹಾಯವಾಣಿ 181. ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಶಿವಾಜಿನಗರದ ಬೌರಿಂಗ್ ಆಗಲಿ, ಹಲಸೂರಿನ ಖಾಸಗಿ ಆಸ್ಪತ್ರೆಯಾಗಲಿ, ಸಂತ್ರಸ್ತೆಗೆ ತಕ್ಷಣ ಉಚಿತ ಚಿಕಿತ್ಸೆ ಕೊಡಲೇಬೇಕು.