ಸೈಕ್ಲೋನ್ ಬಂತು, ಡ್ಯಾಂ ತೆಗೆದರು, ಊರು ಬಿಡಿ: ಸರಿ, ಯಾವ ದಾರಿಯಲ್ಲಿ?

‘ಭಾರಿ ಚಂಡಮಾರುತ ಬರ್ತಿದೆ, ಡ್ಯಾಂ ಗೇಟ್ ತೆಗೆದಿದ್ದಾರೆ, ಕೂಡಲೇ ಊರು ಬಿಡಿ, ಎಲ್ಲರಿಗೂ ಶೇರ್ ಮಾಡಿ’. ಮಳೆ ಜೋರಾದಾಗ ಈ ಧಾಟಿಯ ಮೆಸೇಜು ನಿಮ್ಮ ಗ್ರೂಪಿಗೂ ಬಂದಿರುತ್ತದೆ. ಯಾವ ಡ್ಯಾಂ, ಯಾವ ದಿನ ಎಂಬುದು ಅದರಲ್ಲಿ ಇರುವುದಿಲ್ಲ. ಯಾವ ದಾರಿಯಲ್ಲಿ ಹೋಗಬೇಕು ಎಂಬುದಂತೂ ಇಲ್ಲವೇ ಇಲ್ಲ.

ಗಾಳಿ ಗಂಟೆಗೆ 89ರಿಂದ 117 ಕಿ.ಮೀ. ವೇಗದಲ್ಲಿದ್ದರೆ ಹವಾಮಾನ ಇಲಾಖೆ ಅದನ್ನು ‘ತೀವ್ರ ಚಂಡಮಾರುತ’ ಎನ್ನುತ್ತದೆ. ಅದಕ್ಕೆ ಬಲ ಸಿಗುವುದು ಸಮುದ್ರದ ಬಿಸಿ ನೀರಿನಿಂದ. ನೆಲ ಹತ್ತಿದ ಮೇಲೆ ಗಾಳಿ ಕುಗ್ಗುತ್ತದೆ, ಮಳೆ ಮಾತ್ರ ಒಳನಾಡಿಗೂ ಬರುತ್ತದೆ. 2024ರ ನವೆಂಬರ್ 30ರಂದು ಫೆಂಗಲ್ ನೆಲ ಮುಟ್ಟಿದ್ದು ಪುದುಚೇರಿ ಬಳಿ. ಅದರ ಮಳೆ ಮೈಸೂರನ್ನೂ ನೆನೆಸಿತು. ಹಾಗಾಗಿ ಎಚ್.ಡಿ. ಕೋಟೆ ಕಡೆಯವರು ಯೋಚಿಸಬೇಕಾದದ್ದು ಗಾಳಿಗಿಂತ ನೀರಿನ ಬಗ್ಗೆ.

ಗೇಟ್ ತೆಗೆದರೆ ನೀರು ಯಾರ ಊರಿಗೆ?

ವಯನಾಡಿನಲ್ಲಿ ಸುರಿದ ಮಳೆ ಬೀಚನಹಳ್ಳಿಯ ಕಬಿನಿ ಜಲಾಶಯಕ್ಕೆ ಬರುತ್ತದೆ. ಅದರ ಗರಿಷ್ಠ ಮಟ್ಟ 2,284 ಅಡಿ. ಗೇಟ್ ತೆಗೆದಾಗ ನೀರು ಹೋಗುವುದು ಕೆಳಗಿನ ಸರಗೂರು, ನಂಜನಗೂಡು, ತಿ. ನರಸೀಪುರದ ಕಡೆಗೆ. ಎನ್. ಬೇಗೂರು ಇರುವುದು ಡ್ಯಾಂನ ಮೇಲ್ಭಾಗದಲ್ಲಿ, ಬಂಡೀಪುರ ಕಾಡಿನಂಚಿನಲ್ಲಿ. ಅಲ್ಲಿನವರು ಗೇಟ್ ಸುದ್ದಿಗೆ ಗಾಬರಿಯಾಗಿ ಓಡಬೇಕಿಲ್ಲ. ಅವರಿಗೆ ತೊಂದರೆ ಕೊಡುವುದು ಉಕ್ಕುವ ಹಳ್ಳ, ಮುಳುಗುವ ಮೋರಿ, ರಸ್ತೆಗೆ ಬಿದ್ದ ಮರ.

ಡ್ಯಾಂ ಕೆಳಗಿನವರು 2019ರ ಆಗಸ್ಟ್ ನೆನಪಿಸಿಕೊಳ್ಳಿ. ಆಗ ಕಬಿನಿಯಿಂದ ಒಂದು ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಬಿಟ್ಟಿದ್ದರು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ನೀವೇ ಲೆಕ್ಕ ಹಾಕಿ. ನಂಜನಗೂಡಿನ ಮಲ್ಲನಮೂಲೆ ಮಠದ ಬಳಿ ಮೈಸೂರು ಹೆದ್ದಾರಿಯೇ ಮುಳುಗಿ ಬಂದ್ ಆಯಿತು. ದೊಡ್ಡ ರಸ್ತೆ ಎಂದ ಮಾತ್ರಕ್ಕೆ ಅದು ತೆರೆದೇ ಇರುತ್ತದೆ ಎಂದಲ್ಲ.

ಆದ್ದರಿಂದ ಬಿಸಿಲಿರುವಾಗಲೇ ಎರಡು ದಾರಿ ಗುರುತಿಸಿಕೊಳ್ಳಿ. ನದಿಯಿಂದ ದೂರ, ಎತ್ತರಕ್ಕೆ ಹೋಗುವ, ಸೇತುವೆ ಕಡಿಮೆ ಇರುವ ದಾರಿ ಸುತ್ತಾದರೂ ಪರವಾಗಿಲ್ಲ. ಹಿಂದೆ ನೀರು ಎಲ್ಲಿ ರಸ್ತೆ ದಾಟಿತ್ತು ಎಂದು ಊರಿನ ಹಿರಿಯರನ್ನು ಕೇಳಿ, ಮೊಬೈಲ್ ಮ್ಯಾಪಿಗೆ ಅದು ಗೊತ್ತಿರುವುದಿಲ್ಲ. ನೆಟ್‌ವರ್ಕ್ ಹೋದರೆ ಮ್ಯಾಪೂ ಇಲ್ಲ.

ಕಾಡಿನಂಚಿನವರಿಗೆ ಇನ್ನೊಂದು ಲೆಕ್ಕವಿದೆ. ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ, ನಾಗರಹೊಳೆ ಮೂಲಕ ಮಾನಂದವಾಡಿಗೆ ಹೋಗುವ ರಸ್ತೆಯಲ್ಲಿ ಸಂಜೆ 6ರಿಂದಲೇ ಸಂಚಾರ ನಿಷೇಧ. ಕತ್ತಲಲ್ಲಿ ಆನೆ ಎದುರಾಗುವ ಭಯ ಬೇರೆ. ಹೊರಡುವುದಾದರೆ ಹಗಲಲ್ಲೇ ಹೊರಡಿ. ಹಾಡಿಗಳಲ್ಲಿ ಎಲ್ಲರ ಮನೆಯಲ್ಲೂ ಗಾಡಿ ಇರುವುದಿಲ್ಲ. ಗರ್ಭಿಣಿಯರನ್ನು, ವಯಸ್ಸಾದವರನ್ನು ಯಾರ ಜೀಪು ಕರೆದೊಯ್ಯುತ್ತದೆ ಎಂದು ಮೊದಲೇ ಮಾತಾಡಿಕೊಳ್ಳಿ. ದನಕರುಗಳ ಚಿಂತೆಯಿಂದ ಎಷ್ಟೋ ಜನ ಹೊರಡುವುದೇ ಇಲ್ಲ. ಅವನ್ನು ಮುಂಚೆಯೇ ಎತ್ತರಕ್ಕೆ ಸಾಗಿಸಿ, ಆಗದಿದ್ದರೆ ಹಗ್ಗವನ್ನಾದರೂ ಬಿಚ್ಚಿ.

ರಸ್ತೆಯ ಮೇಲೆ ನೀರು ಹರಿಯುತ್ತಿದ್ದರೆ ಹಿಂದಿರುಗಿ. ಒಂದು ಅಡಿ ನೀರು ಸಣ್ಣ ಕಾರನ್ನು ತೇಲಿಸಬಲ್ಲದು, ಎರಡು ಅಡಿಗೆ ಜೀಪೂ ಕೊಚ್ಚಿಹೋಗಬಹುದು.

ಮೆಸೇಜು ನಿಜವೋ ಸುಳ್ಳೋ ಎಂಬ ಅನುಮಾನ ಬಂದರೆ ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ 1077ಕ್ಕೆ ಫೋನ್ ಮಾಡಿ ಕೇಳಿ. ಪ್ರಾಣಾಪಾಯವಿದ್ದರೆ 112.