ತರುಣ ಕ್ರೀಡಾಪಟುಗಳಲ್ಲಿ ಕನ್‌ಕಷನ್ ಲಕ್ಷಣಗಳ ಕಾಲಕ್ರಮ

ಆಟದ ಅಂಗಳದಲ್ಲಿ ತಲೆಗೆ ಪೆಟ್ಟುಂಡ ವಿದ್ಯಾರ್ಥಿಯು ತಲೆನೋವು ಇಳಿಯಿತೆಂದು ತರಗತಿಗೆ ಮರಳಿದರೆ, ಅವನು ಗುಣಮುಖನಾದನೆಂದೇ ನಾವು ಭಾವಿಸುತ್ತೇವೆ. ಎರಡು ವಾರಗಳ ತರುವಾಯ ಅವನು ಪಾಠದಲ್ಲಿ ಮನಸ್ಸಿಡದೆ, ಸಣ್ಣ ಮಾತಿಗೂ ಸಿಡುಕಿದರೆ, ಅದನ್ನು ಸೋಮಾರಿತನವೆಂದೋ ಉದ್ಧಟತನವೆಂದೋ ಎಣಿಸುತ್ತೇವೆ. ಈ ಎರಡು ಎಣಿಕೆಗಳೂ ತಪ್ಪಾಗಿರಬಹುದು. ವೈದ್ಯರು ಕನ್‌ಕಷನ್ ಎಂದು ಕರೆಯುವ ಮಿದುಳಿನ ಪೆಟ್ಟು, ದಿನ ಕಳೆದಂತೆ ಬೇರೆ ಬೇರೆ ಲಕ್ಷಣಗಳಿಂದ ತೋರಿಕೊಳ್ಳುತ್ತದೆ.

ತಲೆಯು ರಭಸದಿಂದ ಅಲುಗಿದಾಗ ಕಪಾಲದೊಳಗಿನ ಮಿದುಳೂ ಅಲುಗುತ್ತದೆ. ಇದಕ್ಕೆ ತಲೆಗೇ ಹೊಡೆತ ಬೀಳಬೇಕೆಂದಿಲ್ಲ. ಪ್ರಜ್ಞೆ ತಪ್ಪಬೇಕೆಂಬ ನಿಯಮವೂ ಇಲ್ಲ. ಆಗ ನರಕೋಶಗಳಿಂದ ಪೊಟ್ಯಾಸಿಯಂ ಹೊರಸೂಸಿ, ಕ್ಯಾಲ್ಸಿಯಂ ಒಳನುಗ್ಗುತ್ತದೆ. ಈ ಏರುಪೇರನ್ನು ಸರಿಪಡಿಸಲು ಕೋಶಗಳಿಗೆ ಹೆಚ್ಚಿನ ಗ್ಲೂಕೋಸ್ ಬೇಕು. ಆದರೆ ಅದೇ ವೇಳೆಗೆ ಮಿದುಳಿನ ರಕ್ತಸಂಚಾರವು ತಗ್ಗಿರುತ್ತದೆ. ಇದು ಬಹುಮಟ್ಟಿಗೆ ಕಾರ್ಯದ ವ್ಯತ್ಯಯವಾದ್ದರಿಂದ, ಸಿ.ಟಿ. ಚಿತ್ರದಲ್ಲಿ ಸಾಮಾನ್ಯವಾಗಿ ಏನೂ ಕಾಣದು. ರೋಗಿಯ ಮಾತು ಮತ್ತು ನಡತೆಗಳೇ ಮುಖ್ಯ ಸಾಕ್ಷ್ಯ.

ಅಮೆರಿಕದ ಬಾಸ್ಟನ್ ನಗರದ ಮಕ್ಕಳ ಆಸ್ಪತ್ರೆಯ ತುರ್ತುಚಿಕಿತ್ಸಾ ವಿಭಾಗಕ್ಕೆ ಬಂದ 11ರಿಂದ 22 ವರ್ಷದವರನ್ನು ಕುರಿತ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಅದರಂತೆ ಮೊದಲ ದಿನಗಳಲ್ಲಿ ತಲೆನೋವು, ತಲೆಸುತ್ತು, ಆಯಾಸ ಮೊದಲಾದ ದೈಹಿಕ ಲಕ್ಷಣಗಳು ಮುಂದಾಗಿದ್ದುವು. ನಿದ್ರಾಭಂಗ, ಮರೆವು, ಹತಾಶೆಗಳು ಹಲವರಲ್ಲಿ ಆರಂಭದಲ್ಲಿ ಇರದೆ ಅನಂತರ ತಲೆದೋರಿದುವು. ಯೋಚನೆಯ ನಿಧಾನಗತಿಯಾದರೋ ಮೊದಲಿನಿಂದಲೇ ಕಂಡುಬಂದು, ಕೆಲವರಲ್ಲಿ ಬಹುಕಾಲ ಉಳಿಯಿತು. ಒಂದು ತಿಂಗಳಾದ ಮೇಲೂ ಸುಮಾರು ಕಾಲುಭಾಗದ ಮಂದಿಗೆ ತಲೆನೋವು ಇದ್ದೇ ಇತ್ತು.

ಚೇತರಿಕೆಯ ಅವಧಿಯೂ ಎಲ್ಲರಿಗೆ ಒಂದೇ ಅಲ್ಲ. 2016ರಲ್ಲಿ ಬರ್ಲಿನ್ ನಗರದಲ್ಲಿ ಸೇರಿದ ತಜ್ಞರು, ವಯಸ್ಕರಿಗೆ ಸಾಮಾನ್ಯವಾಗಿ ಎರಡು ವಾರಗಳವರೆಗೂ, ಮಕ್ಕಳಿಗೆ ನಾಲ್ಕು ವಾರಗಳವರೆಗೂ ಕಾಲ ಬೇಕೆಂದು ಅಭಿಪ್ರಾಯಪಟ್ಟರು. ಕತ್ತಲೆಯ ಕೋಣೆಯಲ್ಲಿ ದೀರ್ಘವಾಗಿ ಮಲಗಿರುವುದೂ ಹಿತವಲ್ಲ. 2022ರ ಆಮ್‌ಸ್ಟರ್‌ಡ್ಯಾಮ್ ಸಮಾವೇಶದ ಮತದಂತೆ, ಮೊದಲ 24ರಿಂದ 48 ಗಂಟೆಗಳವರೆಗೆ ಮಿತವಾದ ವಿಶ್ರಾಂತಿ ಸಾಕು. ಅನಂತರ ನಡಿಗೆಯಂತಹ ಲಘು ವ್ಯಾಯಾಮವು ಚೇತರಿಕೆಗೆ ನೆರವಾಗುತ್ತದೆ. ಆದರೆ ಮತ್ತೆ ಪೆಟ್ಟು ಬೀಳಬಹುದಾದ ಆಟಕ್ಕೆ ವೈದ್ಯರ ಅನುಮತಿಯಿಲ್ಲದೆ ಮರಳಬಾರದು.

ಈ ಎಚ್ಚರ ಅತಿಯಾದುದಲ್ಲ. 2006ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 13 ವರ್ಷದ ಜ್ಯಾಕರಿ ಲಿಸ್ಟೆಡ್ ಎಂಬ ಬಾಲಕನು ಫುಟ್‌ಬಾಲ್ ಪಂದ್ಯದಲ್ಲಿ ಪೆಟ್ಟುಂಡೂ ಅದೇ ಪಂದ್ಯಕ್ಕೆ ಮರಳಿ ಆಡಿ, ಆಟ ಮುಗಿದೊಡನೆ ಕುಸಿದುಬಿದ್ದನು. ಅವನು ಬದುಕುಳಿದರೂ ಶಾಶ್ವತವಾದ ಅಂಗವೈಕಲ್ಯವನ್ನು ಹೊಂದಿದನು. 2009ರಲ್ಲಿ ಆ ರಾಜ್ಯವು ಅವನ ಹೆಸರಿನಲ್ಲೇ ಶಾಸನವನ್ನು ಮಾಡಿ, ಕನ್‌ಕಷನ್ ಶಂಕೆಯುಳ್ಳ ಬಾಲಕರು ಲಿಖಿತ ಅನುಮತಿಯಿಲ್ಲದೆ ಆಡಕೂಡದೆಂದು ವಿಧಿಸಿತು.

ವೈದ್ಯರು ಹೆಚ್ಚಾಗಿ ನೋಡುವುದು ಮೊದಲ ದಿನದ ರೋಗಿಯನ್ನು. ಮೂರನೆಯ ವಾರದ ವಿದ್ಯಾರ್ಥಿಯನ್ನು ದಿನವೂ ಕಾಣುವವರು ಅಧ್ಯಾಪಕರು. ಆದುದರಿಂದ ಮೊದಲು ಚೆನ್ನಾಗಿ ಓದುತ್ತಿದ್ದ ಆಟಗಾರನೊಬ್ಬನು ಹಠಾತ್ತನೆ ಮಂಕಾದರೆ, ದಂಡಿಸುವ ಮುನ್ನ ‘ಇತ್ತೀಚೆಗೆ ನಿನ್ನ ತಲೆಗೆ ಪೆಟ್ಟೇನಾದರೂ ಬಿದ್ದಿತ್ತೆ?’ ಎಂದು ಕೇಳುವುದು ನಮ್ಮ ಕರ್ತವ್ಯವಾಗಿದೆ.